ನೀರು ಹಾಕುವ ಮುನಿಯಮ್ಮ ನಮ್ಮ ಮನೆಗೆ ಯಾಕೆ ಬರುತ್ತಾಳೆ?

"ಮೇಡಂ, ಮಗೂಗೆ ಅಂತ ಇನ್ನೊಂದ್ ಪಾವು ಹಾಕ್ಲಾ?"

ಹೋದ ವಾರ ಹಾಲಿನ ರಾಮಕ್ಕ ನನ್ನ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆ ಇದು. ನಾನು ಪಾತ್ರೆ ಹಿಡಿದುಕೊಂಡು ಹಾಗೇ ನಿಂತೆ. ಯಾವ ಮಗು? ನನಗೆ ನಲವತ್ತಾರು ವರ್ಷ. ಮದುವೆಯಾಗಿಲ್ಲ. ಶ್ರೀನಿವಾಸಪುರದ ಈ ಒಂದೂವರೆ ರೂಮಿನ ಬಾಡಿಗೆ ಮನೆಯಲ್ಲಿ ನಾನು, ಒಂದು ರೇಡಿಯೋ, ಕೆಟ್ಟು ನಿಂತಿರುವ ಒಂದು ಟೇಬಲ್ ಫ್ಯಾನು ಬಿಟ್ಟರೆ ಇನ್ನು ಯಾರೂ ಇಲ್ಲ. (ನಿಮಗೆ ಗೊತ್ತಿರುವುದೇ. ಆ ಫ್ಯಾನಿನ ಬಗ್ಗೆಯೇ ಈ ಅಂಕಣದಲ್ಲಿ ಎರಡು ವಾರ ಕೊರೆದವಳು ನಾನು.)

"ಯಾವ ಮಗುವೇ?" ಅಂದೆ.

ರಾಮಕ್ಕ ದನಿ ತಗ್ಗಿಸಿದಳು. "ನಾನ್ ಯಾರ್ಗೂ ಹೇಳಲ್ಲ ಬಿಡಿ. ಎಮ್ಮೆ ಹಾಲು ಬ್ಯಾಡ, ಹಸೂದೇ ತತ್ತೀನಿ. ಕೂಸಿಗೆ ಒಳ್ಳೇದು."

ಇದಕ್ಕೆಲ್ಲ ಕಾರಣ ಒಂದು ಹಡಗು. ಶ್ರೀನಿವಾಸಪುರಕ್ಕೆ ಎಲ್ಲಿಯ ಹಡಗು ಅನ್ನಬೇಡಿ, ಸ್ವಲ್ಪ ಕೇಳಿ.

ತಾಲ್ಲೂಕು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸರೋಜಳ ನಾದಿನಿ ಲಂಡನ್ನಿನಲ್ಲಿ ನರ್ಸು. ಆಕೆ ಒಂದು ವಾರ ಹಡಗಿನಲ್ಲಿ ಸುತ್ತಿ ಬಂದಳಂತೆ. ಎಲ್ಲಿಗೋ ಹೋಗುವುದಕ್ಕಲ್ಲ, ಸುಮ್ಮನೆ ಸುತ್ತುವುದಕ್ಕೆ! ಆ ಫೋಟೋಗಳ ಆಲ್ಬಮ್ಮು ತಿಂಗಳ ಹಿಂದೆ ಒಂದು ಮಧ್ಯಾಹ್ನ ನಮ್ಮ ಆಫೀಸಿಗೂ ಬಂತು. ಊಟದ ಡಬ್ಬಿಗಳ ನಡುವೆ ಹರಡಿಕೊಂಡು ಎಲ್ಲರೂ ನೋಡಿದೆವು. ಈಜುಕೊಳ, ದೀಪದ ಸಾಲು, ಆಳೆತ್ತರದ ಕೇಕು. ಒಂದು ಫೋಟೋದಲ್ಲಿ ಬಿಳೀ ಟವೆಲ್ ಹಾಸಿದ ಮಂಚ, ಪಕ್ಕದಲ್ಲಿ ಎಣ್ಣೆ ಬಾಟಲಿ ಹಿಡಿದು ನಗುತ್ತಿರುವ ಹುಡುಗಿ.

"ಇದು ಮಸಾಜ್ ರೂಮು," ಅಂದಳು ಸರೋಜ. "ಒಂದ್ ಗಂಟೆ ಮೈ ತಿಕ್ತಾರಂತೆ. ಟಿಕೆಟ್ಟಲ್ಲಿ ಅದು ಸೇರಲ್ಲ, ಬೇರೆ ಚಾರ್ಜು." ಆ ಚಾರ್ಜನ್ನು ರೂಪಾಯಿಗೆ ತಿರುಗಿಸಿದರೆ ನನ್ನ ಅರ್ಧ ತಿಂಗಳ ಸಂಬಳ. ಅಬ್ಬಬ್ಬಾ!

ಶಿರಸ್ತೇದಾರರು ಚಿತ್ರಾನ್ನದ ಡಬ್ಬಿ ಕೆಳಗಿಟ್ಟರು. "ಮೈ ಒತ್ತಿಸ್ಕೊಳ್ಳೋಕೆ ಸಮುದ್ರದ ಮಧ್ಯಕ್ಕೆ ಹೋಗ್ಬೇಕೇನ್ರೀ? ನಾನು ಮೊಮ್ಮಗನ್ನ ಬೆನ್ನ ಮೇಲೆ ಹತ್ತಿಸ್ಕೊಂಡು ತುಳಿಯೋ ಅಂತೀನಿ. ಒಂದು ಪೆಪ್ಪರ್‌ಮೆಂಟಿಗೆ ಕೆಲ್ಸ ಮುಗೀತು."

ಎಲ್ಲರೂ ನಕ್ಕರು. ಶುರುವಾಯಿತು ನೋಡಿ ಒಬ್ಬೊಬ್ಬರದೂ. ಗುಮಾಸ್ತರಿಗೆ ಶನಿವಾರ ಶನಿವಾರ ಹೆಂಡತಿ ಎಣ್ಣೆ ಒತ್ತುತ್ತಾರೆ. ಸರೋಜ ತವರಿಗೆ ಹೋದರೆ ಅಮ್ಮ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಾರೆ. ಅಟೆಂಡರ್ ಮಗಳು ಅಪ್ಪನ ಕಾಲು ಒತ್ತದೆ ಮಲಗುವುದೇ ಇಲ್ಲವಂತೆ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ನೀವೇನಂತೀರಿ ಮೇಡಂ? ಅದಕ್ಕೆ ಅಷ್ಟು ದುಡ್ಡು ಕೊಡ್ಬೋದಾ?"

"ಶುದ್ಧ ದಂಡ," ಅಂದೆ. ಎಲ್ಲರಿಗಿಂತ ಜೋರಾಗಿ ನಕ್ಕೆ ಕೂಡ.

ಆವತ್ತು ಸಂಜೆ ಮನೆಗೆ ಬರುವಾಗ ಬಳೆ ಅಂಗಡಿಯ ಮುಂದೆ ನಿಂತೆ. ಕೈಯಲ್ಲಿ ಒಂದು ಡಜನ್ ಬಳೆ ಇದ್ದವು, ಒಂದೂ ಒಡೆದಿರಲಿಲ್ಲ. ಆದರೂ ಹೋಗಿ ಕೂತು ಕೈ ಚಾಚಿದೆ. ಬಳೆಗಾರ್ತಿ ನನ್ನ ಕೈ ಹಿಡಿದು, ಬೆರಳುಗಳನ್ನು ಹಿಂಡಿ, ಮಡಚಿ, "ನೋವಾಯ್ತಾ ಅಮ್ಮ?" ಅಂತ ಕೇಳುತ್ತಿದ್ದಾಗ ಥಟ್ಟನೆ ಹೊಳೆಯಿತು. ಆ ತಿಂಗಳಲ್ಲಿ ನಾನು ಬಳೆ ತೊಡಿಸಿಕೊಳ್ಳುತ್ತಿದ್ದದ್ದು ಅದು ಮೂರನೇ ಸಲ. ಬಳೆಗಾಗಿ ಅಲ್ಲ ಕಣ್ರೀ, ಆ ಕೈಗಾಗಿ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ನನ್ನನ್ನು ಮುಟ್ಟಿದವರು ಯಾರು? ಮಾಲೂರು ಬಸ್ಸಿನ ನೂಕುನುಗ್ಗಲು ಲೆಕ್ಕಕ್ಕಿಲ್ಲ. ಜ್ವರ ಬಂದಾಗ ಡಾಕ್ಟರು ಒಂದು ಸಲ ನಾಡಿ ಹಿಡಿದಿದ್ದರು. ಇನ್ನು ಈ ಬಳೆಗಾರ್ತಿ. ಅಷ್ಟೇ. ಇದನ್ನೆಲ್ಲ ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಒಂಟಿಯಾಗಿರುವವರಿಗೆ ಮಾತಿಗೆ ಜನ ಹೇಗೋ ಸಿಗುತ್ತಾರೆ, ನನಗೆ ನೀವಿದ್ದೀರಿ. ಆದರೆ ನೀವು ಕಾಗದ ಬರೆದರೆ ನನ್ನ ಕತ್ತು ನೋವು ಹೋಗುತ್ತದೆಯೇ?

ಮುಂದಿನ ವಾರವೇ ಮುನಿಯಮ್ಮನಿಗೆ ಹೇಳಿ ಕಳಿಸಿದೆ.

ಮುನಿಯಮ್ಮ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವವಳು. ನಮ್ಮ ಊರಿನ ಅರ್ಧಕ್ಕರ್ಧ ಮಕ್ಕಳು ಅವಳ ಕಾಲಿನ ಮೇಲೆ ಮಲಗಿಯೇ ಮೊದಲ ಎಣ್ಣೆ ನೀರು ಕಂಡಿದ್ದು. ಭಾನುವಾರ ಬೆಳಿಗ್ಗೆ ಬಂದವಳು ನನ್ನ ಮನೆಯೊಳಗೆಲ್ಲ ಇಣುಕಿದಳು.

"ಯಾರಮ್ಮ ಬಾಣಂತಿ?"

"ಯಾರೂ ಇಲ್ಲ. ನಂಗೇ ಹಾಕ್ಬೇಕು."

ಒಂದು ನಿಮಿಷ ನನ್ನ ಮುಖ ನೋಡಿದಳು. ಯಾಕೆ ಅಂತ ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಎಣ್ಣೆ ಎಲ್ಲೈತೆ?" ಅಂದಳು.

ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿದಳು. ಬೆಚ್ಚಗಿನ ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿದಳು. ಭುಜ ಮುಟ್ಟಿದವಳೇ, "ಅಯ್ಯೋ, ಕಲ್ಲಾಗೋಗೈತಲ್ಲಮ್ಮ ಇದು!" ಅಂದಳು. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ಭುಜ, ಇನ್ನೇನಾಗುತ್ತದೆ? ಅವಳ ಹೆಬ್ಬೆರಳು ಕತ್ತಿನ ಹಿಂದೆ ಇಳಿಯುತ್ತಿದ್ದಂತೆ ನನಗೆ ಅಳು ಬಂತು. ತಡೆಯುವುದಕ್ಕಾಗಲಿಲ್ಲ. "ಊರ್ಕೋ ತಲ್ಲೀ, ಊರ್ಕೋ," ಅಂತ ಕೂಸಿಗೆ ಸಮಾಧಾನ ಹೇಳುವ ಹಾಗೆ ತೆಲುಗಿನಲ್ಲಿ ಹೇಳುತ್ತಾ, ಹಂಡೆ ಖಾಲಿಯಾಗುವವರೆಗೂ ನೀರು ಹಾಕಿದಳು. (ಸೀಗೇಪುಡಿ ಕಣ್ಣಿಗೆ ಹೋಯಿತು ಅಂತ ಆಮೇಲೆ ಹೇಳಿದೆ. ನಂಬಲಿಲ್ಲ.)

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುನಿಯಮ್ಮನಿಗೆ ಗೊತ್ತಿರುವುದು ಒಂದೇ ಕ್ರಮ. ನೀರು ಹಾಕಿದ ಮೇಲೆ ಹೊಗೆ ಹಾಕಬೇಕು. ತಲೆ ಒರೆಸಿ, ಕಿವಿಗೆ ಬಟ್ಟೆ ಸುತ್ತಿ, ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ನನ್ನ ಕೂದಲನ್ನು ಹೊಗೆಗೆ ಹಿಡಿದಳು. ಕೊನೆಗೆ ನೆಟಿಕೆ ಮುರಿದು ದೃಷ್ಟಿ ತೆಗೆದು, ಕೆನ್ನೆಗೆ ಒಂದು ಕಾಡಿಗೆ ಬೊಟ್ಟನ್ನೂ ಇಟ್ಟಳು. ನಲವತ್ತಾರು ವರ್ಷದ ಟೈಪಿಸ್ಟಿಗೆ ದೃಷ್ಟಿ ಬೊಟ್ಟು! ಯಾರ ಕಣ್ಣು ಬೀಳಬೇಕು ನನ್ನ ಮೇಲೆ? ಆದರೂ ಆ ಬೊಟ್ಟನ್ನು ಸಂಜೆಯವರೆಗೂ ಒರೆಸಲಿಲ್ಲ.

ಹೀಗೆ ಮೂರು ಭಾನುವಾರ ಬಂದಳು. ಆರು ದಿನ ಆ ಒಂದು ದಿನಕ್ಕಾಗಿ ಕಾಯುತ್ತಿದ್ದೆ.

ಆದರೆ ಹೊಗೆ ನನ್ನ ಒಂದೂವರೆ ರೂಮಿನಲ್ಲಿ ನಿಲ್ಲುತ್ತದೆಯೇ? ಕಿಟಕಿಯಿಂದ ಬೀದಿಗೆ ಹೋಯಿತು. ಓಮ, ಬೆಳ್ಳುಳ್ಳಿ ಸಿಪ್ಪೆಯ ವಾಸನೆ ಬಂದರೆ ನಮ್ಮ ಕಡೆ ಯಾರೂ ಬಾಗಿಲು ತಟ್ಟಿ ವಿಚಾರಿಸುವುದಿಲ್ಲ, ಆ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತಲೇ ಅರ್ಥ. ಜೊತೆಗೆ ಮುನಿಯಮ್ಮ ಒಳಗೆ ಹೋಗಿ ಬರುವುದನ್ನು ಬೀದಿಯೇ ನೋಡಿದೆ. ಇನ್ನೇನು ಬೇಕು? ಮಾಲೂರಿನಿಂದ ತಂಗಿ ಮಗಳನ್ನು ಕರೆತಂದು ಬಚ್ಚಿಟ್ಟಿದ್ದೇನೆ ಅಂತ ಒಂದು ಕಥೆ. (ನನಗೆ ತಂಗಿಯೇ ಇಲ್ಲ.) ಇನ್ನೊಂದು ಕಥೆಯಲ್ಲಿ ಬಾಣಂತಿ ನಾನೇ. ಆಫೀಸಿನಲ್ಲಿ ಸರೋಜ ಕೂಡ ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿ, ಗಾಬರಿಯಿಂದ ಕಾರ್ಬನ್ ಪೇಪರ್ ಹುಡುಕುತ್ತಾಳೆ. ಎದುರಿಗೆ ಕೇಳಿದವಳು ರಾಮಕ್ಕ ಒಬ್ಬಳೇ. ಅದೂ ಹಾಲಿನ ಸಮೇತ ಬಂದು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ರಾಮಕ್ಕ ಕೇಳಿದ ದಿನವೇ ಸಂಜೆ ಮನೆ ಓನರ್ ಹೆಂಡತಿ ಪಾರ್ವತಮ್ಮನವರು ಬಂದರು. ಕೂರಲಿಲ್ಲ.

"ನಾನೇನೂ ತಪ್ಪು ತಿಳ್ಕೊಂಡಿಲ್ಲ ಮೇಡಂ. ಆದ್ರೆ ಆ ಮುನಿಯಮ್ಮ ಬರೋದು ನಿಲ್ಸಿಬಿಡಿ, ಜನರ ಮಾತೂ ನಿಲ್ಲುತ್ತೆ. ಇಲ್ದಿದ್ರೆ ಮನೆ ಖಾಲಿ ಮಾಡ್ಸೋಣ ಅಂತಿದಾರೆ ನಮ್ಮನೆಯವ್ರು."

"ನಂಗೆ ಬೆನ್ನು ನೋವು ಪಾರ್ವತಮ್ಮ. ಅದಕ್ಕೇ ಕರೆಸ್ತೀನಿ."

"ಅದಕ್ಕೆ ಮುಲಾಮು ಸಿಗಲ್ವಾ?"

ಸಿಗುತ್ತದೆ. ನನ್ನ ಹತ್ತಿರವೇ ಎರಡು ಡಬ್ಬಿ ಇದೆ. ಬೆನ್ನಿನ ನಡುವಿಗೆ ನನ್ನ ಕೈ ಎಟುಕುವುದಿಲ್ಲ.

ಈ ಭಾನುವಾರ ಆರಕ್ಕೇ ಎದ್ದು ಒಲೆ ಹಚ್ಚಿ ಹಂಡೆ ಕಾಯಿಸಿದೆ. ಎಣ್ಣೆ ಬೆಚ್ಚಗೆ ಮಾಡಿಟ್ಟೆ. ಏಳಾಯಿತು, ಎಂಟಾಯಿತು, ನೀರು ಕುದ್ದು ಆರಿತು. ಮುನಿಯಮ್ಮ ಬರಲಿಲ್ಲ. ಒಂಬತ್ತಕ್ಕೆ ಚಪ್ಪಲಿ ಮೆಟ್ಟಿಕೊಂಡು ಮಾವಿನ ಮಂಡಿಯ ಹಿಂದಿರುವ ಅವಳ ಮನೆಗೆ ನಾನೇ ಹೋದೆ.

"ಬ್ಯಾಡಮ್ಮ," ಅಂದಳು ತಲೆ ಎತ್ತದೆ. "ಹೋದ್ ಹೋದ್ ಮನೇಲೆಲ್ಲಾ ಕೇಳ್ತಾರೆ, ಅಲ್ಲಿ ಯಾರ್ ಕೂಸು ಅಂತ. ಕೂಸಿಲ್ಲ, ಮೇಡಮ್ಮಂಗೇ ನೀರ್ ಹಾಕ್ತೀನಿ ಅಂದ್ರೆ ನಗ್ತಾರೆ. ನಿಮ್ಗೇ ಕೆಟ್ಟೆಸ್ರು."

"ನಂಗೆ ಪರವಾಗಿಲ್ಲ ಮುನಿಯಮ್ಮ."

"ನಂಗೂ ಒಂದ್ ಹೆಸ್ರು ಐತಲ್ಲಮ್ಮ. ಸುಳ್ಳು ಹೇಳ್ತಾಳೆ ಅಂತ ಬಾಣಂತಿ ಮನೆಯೋರು ಕರೆಯೋದ್ ಬಿಟ್ರೆ ಏನ್ ತಿನ್ಲಿ?" ನನ್ನ ಮುಂಗೈ ಹಿಡಿದುಕೊಂಡಳು. "ಕೂಸಿಲ್ಲ ಅಂತ ನೀವೇ ಊರ್ಗೇಳಿ. ಅವಾಗ ಬತ್ತೀನಿ."

ವಾಪಸ್ಸು ಬರುವಾಗ ಆ ಲಂಡನ್ ನರ್ಸಮ್ಮನ ಫೋಟೋ ನೆನಪಾಯಿತು. ಆಕೆಯನ್ನು ನೋಡಿ ನಕ್ಕಿದ್ದು ತಪ್ಪು. ಹಡಗಿನಲ್ಲಿ ಆಕೆ ಅಷ್ಟು ದುಡ್ಡು ಕೊಟ್ಟಿದ್ದು ಎಣ್ಣೆಗಲ್ಲ, ತಿಕ್ಕಿದ್ದಕ್ಕೂ ಅಲ್ಲ. ಯಾಕೆ ಅಂತ ಯಾರೂ ಕೇಳದೇ ಇರುವುದಕ್ಕೆ. ಸಮುದ್ರದ ಮಧ್ಯೆ ಅಕ್ಕಪಕ್ಕದ ಮನೆ ಎಲ್ಲಿ ಬಂತು? ಆ ಲೆಕ್ಕದಲ್ಲಿ ಅರ್ಧ ತಿಂಗಳ ಸಂಬಳ ಜಾಸ್ತಿಯೇನಲ್ಲ. ನನ್ನ ಹತ್ತಿರ ಹಡಗಿಲ್ಲ, ಅಷ್ಟೇ.

ಊರಿಗೆ ಹೇಳುವುದು ಹೇಗೆ? ತಮಟೆ ಹೊಡೆಸಲೇ? ಈ ಪತ್ರಿಕೆ ನಮ್ಮ ಬೀದಿಯಲ್ಲಿ ಮೂರು ಮನೆಗೆ ಬರುತ್ತದೆ, ಮೂವತ್ತು ಜನ ಓದುತ್ತಾರೆ. ಮಿಕ್ಕವರಿಗೆ ಅವರೇ ಹೇಳುತ್ತಾರೆ, ಆ ನಂಬಿಕೆ ನನಗಿದೆ. ಆದ್ದರಿಂದ ಕೇಳಿ. ನನ್ನ ಮನೆಯಲ್ಲಿ ಕೂಸಿಲ್ಲ. ಬಾಣಂತಿಯಿಲ್ಲ. ಇರುವುದು ನಾನೊಬ್ಬಳೇ, ಅದೇ ನನ್ನ ಕಾಯಿಲೆ. ಬರುವ ಭಾನುವಾರ ಏಳು ಗಂಟೆಗೆ ಮುನಿಯಮ್ಮ ಮುಂಬಾಗಿಲಿನಿಂದಲೇ ಬರುತ್ತಾಳೆ, ನೀರು ಹಾಕುತ್ತಾಳೆ, ಹೊಗೆಯನ್ನೂ ಹಾಕುತ್ತಾಳೆ. ಪಾರ್ವತಮ್ಮನವರು ಆಮೇಲೂ ಮನೆ ಖಾಲಿ ಮಾಡಿ ಅಂದರೆ ಮಾಡುತ್ತೇನೆ. ಅದಕ್ಕೆ ಮೊದಲು ನನ್ನದೊಂದು ಪ್ರಶ್ನೆಗೆ ಅವರು ಉತ್ತರ ಹೇಳಲಿ.

ಹೆಣ್ಣಿನ ಬೆನ್ನಿಗೆ ಇನ್ನೊಬ್ಬರು ಎಣ್ಣೆ ಹಚ್ಚಬೇಕಾದರೆ ಅವಳು ಹೆತ್ತಿರಲೇಬೇಕೇ?