ಭಾವನ ಟ್ರ್ಯಾಕ್ಟರಿಗೆ ಗ್ರೈಂಡರಿನ ಬೆಲ್ಟು

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಇಡೀ ಜೀವಮಾನದಲ್ಲಿ ಹಟ ಹಿಡಿದು ಕೊಂಡ ವಸ್ತು ಒಂದೇ ಒಂದು. ಅದೊಂದು ಪುಟ್ಟ ಟ್ರ್ಯಾಕ್ಟರು. ಹೊಲ ಉಳುವ ದೊಡ್ಡ ಟ್ರ್ಯಾಕ್ಟರಲ್ಲ, ಹೂದೋಟದ ಕೆಲಸಕ್ಕೆಂದು ಹೊರದೇಶದಲ್ಲಿ ತಯಾರಾದದ್ದು. ಎತ್ತರ ನನ್ನ ಸೊಂಟದಷ್ಟು. ಆಗ ಭಾವ ನವಿ ಮುಂಬಯಿಯ ಒಂದು ಕಾರ್ಖಾನೆಯ ಕ್ಯಾಂಟೀನು ನಡೆಸುತ್ತಿದ್ದರು. ಕಾರ್ಖಾನೆ ಮುಚ್ಚಿ ಸಾಮಾನು ಹರಾಜಾದಾಗ ಬುದ್ಧಿ ಇದ್ದವರು ಫ್ಯಾನು, ಮೇಜು, ಕಪಾಟು ಕೊಂಡರು. ಇವರು ಅಲ್ಲಿಯ ಹುಲ್ಲು ಕತ್ತರಿಸುತ್ತಿದ್ದ ಈ ಕೆಂಪು ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಕಲ್ಯಾಣದಾಚೆ ಅವರದೊಂದು ತುಂಡು ಜಾಗ ಇತ್ತು, ಅದನ್ನು ಉಳಲಿಕ್ಕೆ. ಅಕ್ಕ ಒಂದು ವಾರ ಅವರೊಡನೆ ಮಾತು ಬಿಟ್ಟಳು. ಆಮೇಲೆ ಆ ಜಾಗದ ಬೆಂಡೆ, ಹರಿವೆ, ಬಸಳೆ ಕೋಪರಖೈರಣೆಯ ಮನೆಗೆ ಬರತೊಡಗಿದ ಮೇಲೆ ಸುಮ್ಮನಾದಳು.

ಕೆಲವು ವರ್ಷಗಳಿಂದ ಗಾಡಿ ಕೆಟ್ಟು ತಗಡಿನ ಮಾಡಿನ ಕೆಳಗೆ ನಿಂತಿತ್ತು. ಅದು ಹಾಗೇ ತುಕ್ಕು ಹಿಡಿದು ಹೋಗುತ್ತಿತ್ತೋ ಏನೋ. ಆದರೆ ಹೋದ ವರ್ಷ ಬೇಸಿಗೆಯ ಆರಂಭದಲ್ಲಿ ನಾನು ಭಾವನನ್ನು ಥಾಣೆ ನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಯಿತು. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣು ಹೋಗಿಯೇ ಬಿಟ್ಟಿದೆ, ಬಲಗಣ್ಣಿನ ನೋಟವೂ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ, ಔಷಧಿಯಿಂದ ಸ್ವಲ್ಪ ನಿಧಾನ ಮಾಡಬಹುದಷ್ಟೆ ಎಂದರು ಡಾಕ್ಟರು. ರಸ್ತೆಯಲ್ಲಿ ಇನ್ನು ಯಾವ ಗಾಡಿಯನ್ನೂ ಓಡಿಸುವಂತಿಲ್ಲ. ಭಾವ ಅಲ್ಲೇ ಕಿಸೆಯಿಂದ ಸ್ಕೂಟರಿನ ಕೀಲಿ ತೆಗೆದು ನನ್ನ ಕೈಗಿಟ್ಟರು. ನಾನು ಅದನ್ನು ನನ್ನ ಕಿಸೆಗೆ ಹಾಕಿಕೊಂಡೆ.

ಹೊರಗೆ ಬಂದು ರಿಕ್ಷಾಕ್ಕೆ ಕಾಯುವಾಗ ಅವರು ಹೇಳಿದರು: "ರಸ್ತೆಯಲ್ಲಿ ಓಡಿಸ್ಬಾರ್ದು ಅಂದ್ರು. ನಮ್ಮ ಜಾಗದೊಳಗೆ ಓಡಿಸ್ಬಾರ್ದು ಅಂತ ಹೇಳ್ಲಿಲ್ಲ. ಆ ಟ್ರ್ಯಾಕ್ಟರ್ ಒಂದು ರೆಡಿ ಮಾಡುವ ಮಾರಾಯ. ಕಣ್ಣಿರುವಾಗ್ಲೇ ಒಮ್ಮೆ ಇಡೀ ಜಾಗ ಉತ್ತು ಬಿಡ್ತೇನೆ."

"ಆಯ್ತು ಭಾವ" ಎಂದೆ. ಡೊಂಬಿವಲಿಯಲ್ಲಿ ಮೊದಲು ನಾವಿಬ್ಬರೂ ಸೇರಿ ಹಾಕಿದ, ಈಗ ನಾನೊಬ್ಬನೇ ನಡೆಸುವ ಸಣ್ಣ ಸಸ್ಯಾಹಾರಿ ಹೋಟೆಲೇ ನನ್ನ ಪ್ರಪಂಚ. ಎಂಜಿನ್ನಿನ ಗಂಧಗಾಳಿ ನನಗಿಲ್ಲ. ಆದರೂ ಆ ಹೊತ್ತಿನಲ್ಲಿ ಅವರು ವಿಮಾನ ರಿಪೇರಿ ಮಾಡಿಸು ಎಂದಿದ್ದರೂ ಒಪ್ಪುತ್ತಿದ್ದೆ.

ಮೊದಲು ಫೋನಿನಲ್ಲಿ ಹುಡುಕಿದೆ. ಹೊರದೇಶದಿಂದ ತರಿಸಿದರೆ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಒಂದು ಕಾರ್ಬುರೇಟರಿನ ಬೆಲೆಗೆ ನಮ್ಮ ಹೋಟೆಲಿಗೆ ಹೊಸ ಫ್ರಿಜ್ಜೇ ಬರುತ್ತಿತ್ತು. ನಾನು ಫೋನನ್ನು ಮೇಜಿನ ಮೇಲೆ ಕುಕ್ಕಿ ಬೈದೆ. ಭಾವ ನಕ್ಕು, "ನಿನ್ನ ಫೋನ್ ಬಿಡು, ನನ್ನ ಒಟ್ಟಿಗೆ ಬಾ" ಎಂದರು. ಅಂದಿನಿಂದ ಹೋಟೆಲಿನ ವಾರದ ರಜೆಯೆಲ್ಲ ಇದಕ್ಕೇ ಹೋಯಿತು.

ಕಲ್ಯಾಣದ ಬೇರಿಂಗ್ ಅಂಗಡಿಯಲ್ಲಿ ನಾನು ಜಂಭದಿಂದ, ಹೊರದೇಶದ ಗಾರ್ಡನ್ ಟ್ರ್ಯಾಕ್ಟರಿನದು ಬೇಕು ಎಂದೆ. ಅಂಗಡಿಯವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಇಂಪೋರ್ಟೆಡ್ ಹೈ ತೋ ಇಂಪೋರ್ಟೆಡ್ ಹೀ ಲಗೇಗಾ, ಸೇಠ್", ಹೊರದೇಶದ ಗಾಡಿಗೆ ಹೊರದೇಶದ್ದೇ ಬೇಕು ಎಂದು ಬಾಯಿಗೆ ಬಂದ ಬೆಲೆ ಹೇಳಿದ. ಭಾವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. ಹಳೆಯ ಬೇರಿಂಗನ್ನು ಕರ್ಚೀಫಿನಿಂದ ಉಜ್ಜಿ, ಅಂಚಿನಲ್ಲಿ ಕೊರೆದಿದ್ದ ನಂಬರನ್ನು ನನ್ನಿಂದ ಓದಿಸಿಕೊಂಡರು. ಎದುರಿನ ಅಂಗಡಿಗೆ ಹೋಗಿ ಆ ನಂಬರು ಹೇಳಿ, "ಗ್ರೈಂಡರ್ ಕಾ ಹೈ" ಎಂದರು. ಬೇರಿಂಗು ಐದೇ ನಿಮಿಷದಲ್ಲಿ ಸಿಕ್ಕಿತು, ಅದೂ ಕಾಲುಭಾಗ ಬೆಲೆಗೆ.

"ಟ್ರ್ಯಾಕ್ಟರ್ ಅಂತ ಬಾಯಿ ಬಿಡ್ಬೇಡ. ಲೋಕದಲ್ಲಿ ಎಲ್ಲ ಮಿಷಿನಿನ ಹೊಟ್ಟೆಯಲ್ಲಿ ಇರುವುದು ಇದೇ ನಾಲ್ಕು ಸಾಮಾನು" ಎಂದು ನನಗೆ ಪಾಠ ಮಾಡಿದರು. ಅವರ ಮಾತು ನಿಜವಿತ್ತು. ಬೆಲ್ಟು ಅಳೆದು ನೋಡಿದರೆ ನಮ್ಮ ದೋಸೆ ಹಿಟ್ಟಿನ ಗ್ರೈಂಡರಿನದ್ದೇ ಅಳತೆ. ಮುಂದಿನ ಚಕ್ರಗಳಿಗೆ ಭಿವಂಡಿಯ ಗೋದಾಮುಗಳಲ್ಲಿ ಮೂಟೆ ಸಾಗಿಸುವ ಕೈಗಾಡಿಯ ಚಕ್ರ ಸರಿಹೋಯಿತು. ಪ್ಲಗ್ಗು ಜನರೇಟರಿನದು. ಒಂದೊಂದು ಸಿಕ್ಕಿದಾಗಲೂ ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡೇ ರಿಕ್ಷಾದಲ್ಲಿ ಕೂರುತ್ತಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಉಳಿದದ್ದು ಕಾರ್ಬುರೇಟರು ಮಾತ್ರ. ಅದಕ್ಕೆ ಯಾವ ಗ್ರೈಂಡರಿನ ಸಹಾಯವೂ ಇರಲಿಲ್ಲ. ಆರು ವಾರ ಅಲೆದ ಮೇಲೆ ಭಿವಂಡಿಯ ಒಂದು ಭಂಗಾರ್ ಅಂಗಡಿಯಲ್ಲಿ, ಅಂದರೆ ಗುಜರಿ ಅಂಗಡಿಯಲ್ಲಿ, ಹರಕು ಪಂಪುಗಳ ರಾಶಿಯ ಅಡಿಯಲ್ಲಿ, ಅದೇ ಕಂಪನಿಯ ಒಂದು ಒಡೆದ ಎಂಜಿನ್ ಸಿಕ್ಕಿತು. ಅದರ ಕಾರ್ಬುರೇಟರು ಮಾತ್ರ ಗಟ್ಟಿಮುಟ್ಟಾಗಿತ್ತು. ಭಾವ ಬೆರಳಿನಲ್ಲೇ ತಡವಿ ತಡವಿ, "ಇದೇ, ಇದೇ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅಂಗಡಿಯವನಿಗೆ ಅದೇನೆಂದು ಗೊತ್ತೂ ಇರಲಿಲ್ಲ. ತಕ್ಕಡಿಗೆ ಹಾಕಿ ಅಲ್ಯುಮಿನಿಯಂ ದರದಲ್ಲಿ ತೂಗಿ ಕೊಟ್ಟ. ಹಣ ಕೊಟ್ಟದ್ದು ನಾನೇ. ಅಲ್ಯುಮಿನಿಯಂ ಎಂಬ ಮಾತನ್ನು ಈ ಎರಡು ಕಿವಿಗಳಿಂದ ಕೇಳಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ಮಾಡಿದ ಕೆಲಸಕ್ಕೆ ನನಗೆ ಯಾವ ನೆಪವೂ ಇಲ್ಲ.

ಅದು ಎಣ್ಣೆ, ಮಣ್ಣು, ಮಸಿ ಮೆತ್ತಿ ಕಪ್ಪಗಿತ್ತು. ಫಳಫಳ ಹೊಳೆಯುವಂತೆ ಮಾಡಿ ಭಾವನ ಕೈಗೆ ಕೊಡೋಣ ಎಂದು ಮನೆಗೆ ತಂದೆ. ನಾವು ಹೋಟೆಲಿನವರು. ಜಿಡ್ಡು ಕಂಡರೆ ನಮ್ಮ ಕೈ ಕೇಳದೆಯೇ ಕೆಲಸ ಮಾಡುತ್ತದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಮ್ಮಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಹಿಡಿ ಹಿಡಿ ವಾಷಿಂಗ್ ಸೋಡಾ ಹಾಕಿ, ಕಾಫಿ ಫಿಲ್ಟರು, ಸೌಟು, ಜಾಲರಿಗಳನ್ನು ಮುಳುಗಿಸಿಡುತ್ತೇವೆ. ಎಲ್ಲವೂ ಸ್ಟೀಲು, ಒಂದು ಗಂಟೆಯಲ್ಲಿ ಹೊಸದರಂತೆ ಆಗುತ್ತದೆ. ನಾನು ಮರುದಿನ ಕಾರ್ಬುರೇಟರನ್ನು ಬಿಚ್ಚಿ ಆ ಹಂಡೆಯೊಳಗೆ ಬಿಟ್ಟೆ. ನೀರು ಬುಸುಬುಸು ನೊರೆಯೆದ್ದಾಗ, ಎಷ್ಟು ಚೆನ್ನಾಗಿ ಕೊಳೆ ಬಿಡುತ್ತಿದೆ ಎಂದು ಖುಷಿಪಟ್ಟು ಗಲ್ಲಾಕ್ಕೆ ಹೋಗಿ ಕೂತೆ.

ಚಾದ ಗಿರಾಕಿಗಳು ಮುಗಿದ ಮೇಲೆ ಬಂದು ತೆಗೆದು ನೋಡಿದರೆ, ಅದರ ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಗುಳಿ ಗುಳಿ ಬಿದ್ದಿತ್ತು. ಪೆಟ್ರೋಲು ಹರಿಯುವ ಕೂದಲೆಳೆಯಂಥ ರಂಧ್ರಗಳು ಅಗಲವಾಗಿದ್ದವು. ಸ್ಕ್ರೂ ಕೂರಿಸುವ ಕಡೆ ಬೆರಳು ಒತ್ತಿದರೆ ಪುಡಿ ಉದುರುತ್ತಿತ್ತು. ನಮ್ಮಲ್ಲಿ ಪಾತ್ರೆ ತೊಳೆಯುವ ಮರಾಠಿ ಹೆಂಗಸು ಇಣುಕಿ ನೋಡಿ, "ಶೇಟ್, ಅಲ್ಯುಮಿನಿಯಂ ಸೋಡ್ಯಾತ ಟಾಕತಂ ಕಾ ಕುಣೀ?" ಎಂದಳು. ಯಾರಾದರೂ ಅಲ್ಯುಮಿನಿಯಂ ಅನ್ನು ಸೋಡಾಕ್ಕೆ ಹಾಕುತ್ತಾರಾ ಎಂದು ಅವಳಿಗೆ ನಿಜವಾಗಿ ಆಶ್ಚರ್ಯ. ನಾನು ಅವಳ ಮೇಲೆ ಹರಿಹಾಯ್ದೆ. ಆಮೇಲೆ ನಾಚಿಕೆಯಾಗಿ, ಹೋಗಿ ತಪ್ಪಾಯಿತು ಎಂದೆ. ತಪ್ಪು ಅವಳದ್ದಲ್ಲ, ಮೂವತ್ತು ವರ್ಷ ಹೋಟೆಲು ನಡೆಸಿಯೂ ಈ ತಲೆಗೆ ಹೊಳೆಯಲಿಲ್ಲವಲ್ಲ!

ಅದೇ ಸಂಜೆ ಕೋಪರಖೈರಣೆಗೆ ಹೋಗಿ ಅದನ್ನು ಭಾವನ ಅಂಗೈಯಲ್ಲಿಟ್ಟು, ಮಾಡಿದ್ದನ್ನು ಹೇಳಿದೆ. ಅವರು ಹೆಬ್ಬೆರಳಿನಿಂದ ಗುಳಿಗಳನ್ನು ಒಂದೊಂದಾಗಿ ಮುಟ್ಟಿದರು.

"ಎಂತದು ಇದು? ಇಡ್ಲಿ ತಟ್ಟೆ ಮಾಡಿ ತಂದಿದ್ದೀಯಾ?" ಎಂದು ಜೋರಾಗಿ ನಕ್ಕರು. "ಬಿಡು, ಇನ್ನೊಂದು ಸಿಗ್ತದೆ."

ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಕ್ಕ ಲಿಫ್ಟಿನವರೆಗೆ ನನ್ನ ಜೊತೆ ಬಂದಳು. "ಅವರು ನಗಾಡಿದ್ರು ಅಂತ ನಂಬಬೇಡ ನೀನು. ನಿನ್ನೆ ಕಾಫಿ ಲೋಟವನ್ನು ಮೇಜಿನಿಂದ ಆಚೆ ಗಾಳಿಯಲ್ಲಿ ಇಟ್ರು. ನೆಲ ಒರೆಸುವಾಗ ನನ್ನ ಹತ್ರ, ಲೋಟ ಜಾರಿತು ಅಂದ್ರು. ಬೇಗ ಏನಾದ್ರೂ ಮಾಡು ಮಾರಾಯ" ಎಂದಳು.

ಬೇಗ ಆಗಲಿಲ್ಲ. ಮತ್ತೊಂದು ಅಂಥ ಎಂಜಿನ್ ಎಲ್ಲೂ ಸಿಗಲಿಲ್ಲ. ಮಳೆ ಬಂತು, ಜಾಗವೆಲ್ಲ ಕೆಸರಾಯಿತು. ಕೊನೆಗೆ ಕಲ್ಯಾಣದಲ್ಲಿ ಮದುವೆ ಮಂಟಪ ಹಾಕುವವರೊಬ್ಬರ ಹಳೆಯ ಜನರೇಟರಿನ ಕಾರ್ಬುರೇಟರು ಗಾತ್ರದಲ್ಲಿ ಹತ್ತಿರ ಬಂತು, ಆದರೆ ಬೋಲ್ಟಿನ ತೂತುಗಳು ಹೊಂದುತ್ತಿರಲಿಲ್ಲ. ದಿನಾ ನಮ್ಮಲ್ಲಿ ಉಪ್ಪಿಟ್ಟು ತಿನ್ನುವ ಡೊಂಬಿವಲಿಯ ಲೇತ್ ಕೆಲಸದವರೊಬ್ಬರು ಎರಡರ ನಡುವೆ ಕೂರುವಂಥ ಒಂದು ಲೋಹದ ಬಿಲ್ಲೆ ಕಡೆದುಕೊಟ್ಟರು. ಅಷ್ಟರಲ್ಲಿ ದೀಪಾವಳಿಯೂ ಕಳೆದಿತ್ತು. ನನ್ನ ಒಂದು ಹಂಡೆ ಸೋಡಾ ನೀರು ಭಾವನ ಕಣ್ಣಿನಿಂದ ಆರು ತಿಂಗಳನ್ನು ತಿಂದಿತ್ತು. ಇದು ದಿನಾ ನನ್ನ ಎದೆಯಲ್ಲಿ ಕೊರೆಯುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಮೂವರೂ ಜಾಗಕ್ಕೆ ಹೋದೆವು. ನಾಲ್ಕನೆಯ ಸಲ ಹಗ್ಗ ಎಳೆದಾಗ ಎಂಜಿನ್ ಕೆಮ್ಮಿ, ಹೊಗೆ ಕಕ್ಕಿ, ಹಿಡಿದುಕೊಂಡಿತು. ಅಕ್ಕ ಮಾಡಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿದಳು. ಭಾವ ಹತ್ತಿ ಕೂತರು. ಅವರ ಎಡಗೈ ಹುಡುಕದೆಯೇ ಗೇರಿನ ಮೇಲೆ ಹೋಗಿ ಕೂತಿತು. ಆದರೆ ಗಾಡಿ ಮುಂದೆ ಹೋಗಲಿಲ್ಲ. ಸದ್ದು ಕೇಳುತ್ತ ಖುಷಿಪಡುತ್ತಿದ್ದಾರೆ ಎಂದುಕೊಂಡು ನಾನೂ ನಗುತ್ತ ನಿಂತೆ.

"ನೀನು ಎಲ್ಲಿದ್ದೀ?" ಎಂದರು. ನಾನು ಅವರ ಪಕ್ಕದಲ್ಲೇ ಇದ್ದೆ.

"ಸ್ವಲ್ಪ ಮುಂದೆ ಹೋಗಿ ನಿಲ್ಲು. ಇನ್ನೂ ಮುಂದೆ. ಹ್ಞಾಂ, ಬಿಳಿ ಅಂಗಿ ಅಲ್ವಾ? ಅದು ಕಾಣ್ತದೆ. ಬೇಲಿ ಕಾಣುವುದಿಲ್ಲ ಮಾರಾಯ. ನೀನು ಬೇಲಿಯ ಬದಿಯಲ್ಲಿ ನೇರ ನಡಿ, ನಾನು ನಿನ್ನ ಅಂಗಿಯ ಹಿಂದೆ ಬರ್ತೇನೆ."

"ಯಾವಾಗಿನಿಂದ ಭಾವ?"

"ಮಳೆಗಾಲದಿಂದ. ಹೇಳಿದ್ರೆ ನೀನು ರಿಪೇರಿ ಬಿಟ್ಟು ತಲೆಗೆ ಕೈ ಕೊಟ್ಟು ಕೂತ್ಕೊಳ್ತಿದ್ದಿ. ನಂಗೆ ನಿನ್ನ ಗುಣ ಗೊತ್ತುಂಟು."

ನಾನು ತಿರುಗಿ ನಡೆಯತೊಡಗಿದೆ. ಹಿಂದಿನಿಂದ ಎಂಜಿನ್ನಿನ ಸದ್ದು, ಮಣ್ಣು ಬಗೆಯುವ ಸದ್ದು ಬರುತ್ತಿತ್ತು. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈಯೆತ್ತಲಿಲ್ಲ. ಕೈ ಅಡ್ಡ ಬಂದರೆ ಅವರಿಗೆ ದಾರಿ ತಪ್ಪೀತೆಂಬ ಹೆದರಿಕೆ. ಬೇಲಿಯ ಕೊನೆ ಮುಟ್ಟಿ ತಿರುಗಿದೆ, ಅವರೂ ತಿರುಗಿಸಿದರು. ಎರಡು ಸಾಲು, ಮೂರು ಸಾಲು, ನಾಲ್ಕು ಸಾಲು ಆಯಿತು. ಒಂದು ಸಾಲೂ ಸೊಟ್ಟಗಾಗಲಿಲ್ಲ. ಐದನೆಯದಕ್ಕೆ ಬರುವಷ್ಟರಲ್ಲಿ ನನಗೆ ಏದುಸಿರು ಬಂದು ಕಾಲು ನಿಧಾನವಾಯಿತು.

"ಜೋರು ನಡಿ ಮಾರಾಯ! ಹಿಂದೆ ಎಂಜಿನ್ ಉಂಟು!" ಎಂದು ಭಾವ ಹಿಂದಿನಿಂದ ಕೂಗಿ, ಗಹಗಹಿಸಿ ನಕ್ಕು, ವೇಗ ಹೆಚ್ಚಿಸಿದರು. ಈ ಐವತ್ತೆಂಟರ ಪ್ರಾಯದಲ್ಲಿ ನಾನು ಪಂಚೆ ಎತ್ತಿ ಕಟ್ಟಿ, ಅವರ ಕಣ್ಣಿನ ಎದುರು, ನೇರಕ್ಕೆ ನೇರ ಓಡತೊಡಗಿದೆ.