ಹುರುಳಿಗೆ ಒಪ್ಪುವ ಟೈರು

ಮನೆಮಂದಿಯೆಲ್ಲ ಓಡಾಡುವ ದೊಡ್ಡ ಕಾರಿಗೆ ಹೊಸ ಟೈರು ಹಾಕಿಸಲು ಮಾಗಡಿಯಿಂದ ರಾಮನಗರಕ್ಕೆ ಹೊರಟಿದ್ದೆ. ಗಾಡಿಗಳು ತುಳಿದು ಒಕ್ಕಣೆಯಾಗಲೆಂದು ಯಾರೋ ರಸ್ತೆ ತುಂಬ ಹುರುಳಿ ಗಿಡ ಹರಡಿದ್ದರು. ಮಾಗಿಯ ಬಿಸಿಲಲ್ಲಿ ಚಕ್ರದಡಿ ಕಾಯಿಗಳು ಚಟಚಟ ಸಿಡಿಯುತ್ತಿದ್ದವು. ಕಾರು ತೇಲುತ್ತಿದೆ ಅನ್ನಿಸಿ, ಎಲ್ಲಿಗೆ ಹೊರಟಿದ್ದೆನೆಂಬುದನ್ನೇ ಮರೆತು ನಿಲ್ಲಿಸಿದೆ.

ಹುರುಳಿ ಕಾಯುತ್ತಿದ್ದ ಅಜ್ಜಿ ಬಗ್ಗಿ ನನ್ನ ಸವೆದ ಟೈರನ್ನು ಸವರಿದರು.

"ಇದೇ ಚೆಂದಾಗೈತೆ ಕಣಪ್ಪ. ದಪ್ಪ ಹಲ್ಲಿಂದಾದ್ರೆ ಕಾಳೆಲ್ಲ ಸಂದೀಲಿ ಸಿಕ್ಕಾಕ್ಕಂಡು ನಿಮ್ಮೂರಿಗೇ ಹೊಂಟೋಯ್ತದೆ."

ರಾಮನಗರದಲ್ಲಿ ಟೈರು ಅಂಗಡಿಯವರು ಎರಡು ಬಗೆ ತೋರಿಸಿದರು. ಕೆಸರಿಗೆ ದಪ್ಪ ಹಲ್ಲಿನದು, ಎಲ್ಲಾ ಕಾಲಕ್ಕೂ ಆಗುವ ಸಣ್ಣ ಹಲ್ಲಿನದು. ನಾನು ಸಣ್ಣ ಹಲ್ಲಿನದನ್ನೇ ಮುಟ್ಟಿದೆ.

"ಹೈವೇಲೇ ಜಾಸ್ತಿ ಓಡಿಸ್ತೀರಾ ಸಾರ್?"

"ಇಲ್ಲ, ಹುರುಳಿ ಮೇಲೆ."

ಅವರು ನಗಲಿಲ್ಲ. ಟೈರು ಉರುಳಿಸಿಕೊಂಡು ಬರುತ್ತಾ, "ರಾಗಿಗೂ ಇದೇ ಸರಿ ಸಾರ್" ಅಂದರು.