ಕಾಲರಿನ ಮೈಕು

೧೯೯೩ರಲ್ಲಿ, ಒಂಬತ್ತನೇ ಕ್ಲಾಸಿಗೆ ನನ್ನ ಓದು ನಿಂತಿತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಒಬ್ಬ ಮೇಸ್ತ್ರಿ ನನ್ನನ್ನು ಕಬ್ಬಿಣ ಕಡೆಯುವ ಲೇತ್ ಮುಂದೆ ನಿಲ್ಲಿಸಿ ಕೆಲಸ ಕಲಿಸಿದರು. ಹದಿನೈದು ವರ್ಷ ದುಡಿದು ನಾನೇ ಶೆಡ್ ಹಾಕಿದೆ. ಮೇಸ್ತ್ರಿ ಇದ್ದ ಕಾರ್ಖಾನೆ ಮುಚ್ಚಿದಾಗ ಅವರೂ ನನ್ನಲ್ಲಿಗೇ ಬಂದರು.

ಒಮ್ಮೆ ದೊಡ್ಡ ಸಿನಿಮಾದವರು ಫೈಟಿಂಗಿಗೆ ನಮ್ಮ ಶೆಡ್ ಕೇಳಿದರು. ಲೇತಿಗೆ ಕೆಂಪು ಬಣ್ಣ ಬಳಿದು, ಹೊಗೆ ಬಿಟ್ಟು ಎರಡು ದಿನ ಶೂಟಿಂಗ್ ಮಾಡಿದರು. ಶಬ್ದವೆಲ್ಲ ಆಮೇಲೆ ಸೇರಿಸಿದ್ದು. ಥಿಯೇಟರಿನಲ್ಲಿ ನಮ್ಮ ಮೆಷಿನ್ ರೈಲಿನಂತೆ ಕೂಗಿತು.

"ಏನ್ ಮಗಾ, ಲೇತಿಗೆ ರೈಲ್ ಇಂಜಿನ್ ಯಾವಾಗ್ ಹಾಕಿಸ್ದೆ?" ಎಂದರು ಮೇಸ್ತ್ರಿ. ಇಬ್ಬರೂ ಶಿಳ್ಳೆ ಹೊಡೆದೆವು.

ಎರಡು ವರ್ಷದ ಮೇಲೆ ಬೇರೆ ನಾಲ್ವರು ಬಂದರು. ಅವರಲ್ಲಿ ಸ್ಟಾರೂ ಇಲ್ಲ, ಪ್ರೊಡ್ಯೂಸರೂ ಇಲ್ಲ. ಇದ್ದದ್ದು ಒಂದು ಸಣ್ಣ ಕ್ಯಾಮೆರಾ. "ಆಕ್ಟ್ ಮಾಡ್ಬೇಡಿ ಸಾರ್, ನಿಮ್ ಪಾಡಿಗೆ ಕೆಲ್ಸ ಮಾಡ್ತಿರಿ" ಎಂದು ನನ್ನ ಕಾಲರಿಗೆ ಗುಂಡಿಯಷ್ಟು ಮೈಕ್ ಸಿಕ್ಕಿಸಿದರು. ಮೂರನೇ ದಿನಕ್ಕೆ ಅದಿದೆ ಎಂಬುದೇ ನನಗೆ ಮರೆತುಹೋಗಿತ್ತು.

ಸಿನಿಮಾ ತೋರಿಸಿದ್ದು ಅರವತ್ತು ಕುರ್ಚಿಯ ಹಾಲಿನಲ್ಲಿ. ಮೇಸ್ತ್ರಿ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಪಕ್ಕ ಕೂತಿದ್ದರು. ತೆರೆ ಮೇಲೆ ನನ್ನ ಕೈ ದೊಡ್ಡದಾಗಿ ಬಂದಾಗ ಎದೆ ಉಬ್ಬಿತು. ಆಮೇಲೆ ಮೇಸ್ತ್ರಿ ಕಾಣಿಸಿದರು, ಲೇತಿಗೆ ಬಗ್ಗಿ ಅಳತೆ ನೋಡುತ್ತ. ಆ ಚಿತ್ರದ ಮೇಲೆ ನನ್ನ ದನಿ ಕೇಳಿತು. ಶೆಡ್ಡಿನ ಹೊರಗೆ ಪಕ್ಕದ ಶೆಡ್ಡಿನವನ ಹತ್ತಿರ ಆಡಿದ್ದ ಮಾತು: "ಮುದುಕನಿಗೆ ಕಣ್ಣೇ ಕಾಣ್ಸಲ್ಲ ಗುರು. ದಿನಾ ಎರಡು ಪೀಸ್ ಹಾಳ್ಮಾಡ್ತಾನೆ. ಪಾಪ ಅಂತ ಇಟ್ಕೊಂಡಿದೀನಿ."

ಸಿನಿಮಾ ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ನಾನು ಪಕ್ಕಕ್ಕೆ ತಿರುಗಿ ನೋಡಲಿಲ್ಲ.

ಹೊರಗೆ ಡೈರೆಕ್ಟರನನ್ನು ಹಿಡಿದುಕೊಂಡೆ. "ಅದೊಂದು ಮಾತು ತೆಗೆದ್ಬಿಡಪ್ಪ."

"ಅದನ್ನೇ ತೆಗೆದ್ರೆ ಸಿನಿಮಾದಲ್ಲಿ ಏನ್ ಉಳಿಯುತ್ತೆ ಸಾರ್? ನೀವ್ ಹೇಳಿದ್ದೇ ತಾನೆ?"



ಸೋಮವಾರ ಮೇಸ್ತ್ರಿ ಬರಲಿಲ್ಲ. ಮನೆಗೆ ಹೋದೆ. ಒಳಗೆ ಕರೆದು ಕೂರಿಸಿದರು. "ಪೀಸ್ ಹಾಳಾಗಿದ್ದು ನಿಜ ಕಣೋ. ನನ್ಗೇ ಹೇಳ್ಬೋದಿತ್ತಲ್ಲ. ಇರ್ಲಿ, ಕಾಫಿ ಕುಡ್ಕೊಂಡ್ ಹೋಗು" ಎಂದರು. ಎಷ್ಟು ಕರೆದರೂ ಮತ್ತೆ ಶೆಡ್ಡಿಗೆ ಬರಲಿಲ್ಲ.

ದೊಡ್ಡ ಸಿನಿಮಾ ಸುಳ್ಳು, ಸಣ್ಣದು ನಿಜ ಎಂದು ಓದಿದವರು ಹೇಳುತ್ತಾರೆ. ಇರಬಹುದು. ಆ ಸುಳ್ಳನ್ನು ನಾವಿಬ್ಬರೂ ಒಟ್ಟಿಗೆ ಕೂತು ನೋಡಿ ನಕ್ಕಿದ್ದೆವು.

ಈಗಲೂ ಅದೇ ಶೆಡ್ಡಿದೆ. ಮೂರು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್. ಆಪರೇಟರುಗಳು ಇಬ್ಬರೇ; ಮೇಸ್ತ್ರಿಯ ಲೇತಿಗೆ ಇನ್ನೂ ಯಾರನ್ನೂ ಹಾಕಿಲ್ಲ.